ಎಂಟು ಬಿಳಿ ಡೇರೆ

ಆ ಹುಂಜ ನನ್ನನ್ನೇ ನೋಡಿತು, ಆಣೆ ಮಾಡಿ ಹೇಳುತ್ತೇನೆ, ಒಂದಕ್ಷರವೂ ಸುಳ್ಳಿಲ್ಲ — ಗಾಳಿ ನದಿಯ ಕಡೆಯಿಂದ ಬೀಸುತ್ತಿತ್ತು, ಗಾಳಿ ನದಿಯ ಕಡೆಯಿಂದ ಬಂದರೆ ಚರ್ಚಿನ ಗೋಪುರದ ತುದಿಯಲ್ಲಿ ಗಾಳಿಯ ದಿಕ್ಕು ತೋರಿಸುವ ಚಿನ್ನದ ಹುಂಜ ನದಿಗೆ ಮುಖ ಮಾಡಿ ನಿಲ್ಲಬೇಕು, ಅದರ ಕೆಲಸವೇ ಅದು, ಸಂಬಳವಿಲ್ಲದೆ ಮಾಡಿಕೊಂಡು ಬಂದ ಕೆಲಸ, ಆದರೆ ನಾನು ಬಸ್ಸಿನ ಮೆಟ್ಟಿಲಿಳಿದು ರೀಗಾದ ಗುಂಡುಗಲ್ಲಿನ ಮೇಲೆ ಕಾಲಿಟ್ಟ ಗಳಿಗೆಯಲ್ಲಿ ಅದು ಗಾಳಿಯನ್ನು ಬಿಟ್ಟು ಇತ್ತ ತಿರುಗಿತು, ಮೂವತ್ತು ಜನರ ನಡುವೆ ನನ್ನನ್ನು ಹುಡುಕಿತು, ನನ್ನ ಕಂಕುಳಲ್ಲಿದ್ದ ಹಳೇ ಪೇಪರಿನ ಸುರುಳಿಯನ್ನು ನೋಡಿತು, ಒಳಗೆ ಎಷ್ಟಿವೆ ಎಂದು ಎಣಿಸಿತು, ವಾಪಸು ನದಿಗೆ ತಿರುಗಿಕೊಂಡಿತು. ಯಾರಿಗೆ ಆಣೆ ಮಾಡುತ್ತಿದ್ದೇನೆ, ಇದು ನನ್ನ ತಲೆ, ಇಲ್ಲಿ ಕೇಳುವವರಿಲ್ಲ, ಆದರೂ ಐವತ್ತೈದು ವರ್ಷದ ಅಭ್ಯಾಸ, ಮೊದಲು ಆಣೆ, ಆಮೇಲೆ ಸುಳ್ಳು, ಊರಿನಲ್ಲಿ ಮೀನನ್ನು ಹೊಗೆಯಲ್ಲಿ ಬೇಯಿಸುವ ನನ್ನ ಹೊಗೆಮನೆಗೆ ಬರುವವರು ಅರ್ಧ ಮೀನಿಗೆ ಬರುತ್ತಾರೆ, ಅರ್ಧ ಅದಕ್ಕೇ ಬರುತ್ತಾರೆ, ವಿಲ್ನಿಸ್ ಇವತ್ತೇನಪ್ಪ ಸುದ್ದಿ, ಸಮುದ್ರ ಎಲ್ಲಿಗೆ ಹೋಗಿತ್ತು ನಿನ್ನೆ — ಆದರೆ ಇವತ್ತು ನಾನು ಸುಳ್ಳು ಹೇಳಲು ಬಂದಿಲ್ಲ, ಪ್ರವಾಸಿಯಾಗಿ ಬಂದಿದ್ದೇನೆ, ಊರಿನ ಲೈಬ್ರರಿಯವರು ಹೊರಡಿಸಿದ ಬಸ್ಸಿನಲ್ಲಿ, ಕೊರಳಿಗೆ ಹೆಸರಿನ ಚೀಟಿ ಕಟ್ಟಿಕೊಂಡು, ಕ್ಯಾಮೆರಾ ಇಲ್ಲ, ಛತ್ರಿ ಇಲ್ಲ, ಕಂಕುಳಲ್ಲಿ ಒಂದು ಸುರುಳಿ ಅಷ್ಟೆ, ಮತ್ತು ಅಗೋ ಅವನು, ಚೌಕದ ನಡುವೆ ಮಡಿಸಿದ ಕೆಂಪು ಛತ್ರಿಯನ್ನು ಬಾವುಟದ ಹಾಗೆ ಎತ್ತಿ ಹಿಡಿದು ನಿಂತಿದ್ದಾನೆ, ರೀಗಾದ ಗೈಡ್, ನನ್ನ ಊರಿನವನು, ನನ್ನ ಕ್ಲಾಸಿನವನು, ನನ್ನ ಬೆಂಚಿನವನು, ಕಳ್ಳ. ಮೋದ್ರಿಸ್. ತಲೆ ಎಣಿಸುತ್ತಾನೆ, ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ನನ್ನ ತಲೆಯ ಮೇಲೆ ಅವನ ಬೆರಳು ಒಂದು ಚೂರು ನಿಂತಿತು, ಮೂವತ್ತು, ಎಲ್ಲಾ ಬಂದಿದ್ದೀರಿ, ಬನ್ನಿ ಹಿಂದೇನೇ. ನೋಡಿಯೂ ನೋಡದವನ ಹಾಗೆ. ನೋಡಿಕೋ, ನೋಡಿಕೋ, ಸಂಜೆಯೊಳಗೆ ನಿನ್ನ ಮುಖ ಸುಣ್ಣ ಬಳಿದ ಹಾಗೆ ಆಗುತ್ತದೆ, ಅದನ್ನು ನಾನು ಹತ್ತಿರದಿಂದ ನೋಡಬೇಕು.

ಹೂವು ಯಾರಿಗೋ, ಎಂದು ವೆಲ್ತಾ ಚಿಕ್ಕಮ್ಮ ಕೇಳುತ್ತಾಳೆ, ಬಸ್ಸಿನಲ್ಲಿ ಎರಡೂವರೆ ಗಂಟೆ ನನ್ನ ಪಕ್ಕ ಕೂತು ತಡೆದುಕೊಂಡ ಪ್ರಶ್ನೆ, ಊರಿನ ಅಂಚೆ ಕಚೇರಿಯನ್ನು ನಲವತ್ತು ವರ್ಷ ನಡೆಸಿದವಳು, ಅಮ್ಮನ ಗೆಳತಿ, ಎಲ್ಲರ ಲಕೋಟೆಯನ್ನೂ ಬೆಳಕಿಗೆ ಹಿಡಿದು ನೋಡಿದವಳು. ಮೋದ್ರಿಸ್‌ಗೆ ಚಿಕ್ಕಮ್ಮ, ಇವತ್ತು ಅವನ ಹೆಸರಿನ ದಿನ ಅಲ್ವಾ. ಓಹೋ, ಮಾತು ಬಿಟ್ಟು ಇಪ್ಪತ್ತು ವರ್ಷ ಆಯ್ತು, ಈಗ ಹೂವು? ವಯಸ್ಸಾಯ್ತಲ್ಲ, ಮನಸ್ಸು ಮೆತ್ತಗಾಗಿದೆ. ನಿನ್ನ ಮನಸ್ಸಾ, ಅದು ನಿನ್ನ ಹೊಗೆಮನೇಲಿ ಯಾರೋ ಮರೆತು ಬಿಟ್ಟ ಮೀನು, ಮೆತ್ತಗಾಗೋದೆಲ್ಲಿ ಬಂತು, ಎಷ್ಟಿದೆ, ಒಂಬತ್ತಾ? ಒಂಬತ್ತು. ಬಿಚ್ಚು ನೋಡೋಣ. ಗಾಳಿಗೆ ಬಾಡುತ್ತೆ ಚಿಕ್ಕಮ್ಮ. ಆಕೆ ಪೇಪರಿನ ಮೇಲೇ ಕಣ್ಣಿಟ್ಟು ನಡೆಯುತ್ತಾಳೆ, ನಮ್ಮವರೆಲ್ಲ ಹೀಗೇ, ಹೂವು ಕಂಡರೆ ಮೊದಲು ಬಣ್ಣ ನೋಡುವುದಿಲ್ಲ, ಎಣಿಸುತ್ತಾರೆ, ಬದುಕಿದವರಿಗೆ ಬೆಸ, ಸತ್ತವರಿಗೆ ಸಮ, ಮೂರು ಐದು ಏಳು ಒಂಬತ್ತು ಮದುವೆಗೆ, ಆಸ್ಪತ್ರೆಗೆ, ಹೆಸರಿನ ದಿನಕ್ಕೆ, ಎರಡು ನಾಲ್ಕು ಆರು ಎಂಟು ಗುಂಡಿಯ ಪಕ್ಕಕ್ಕೆ, ಇದನ್ನು ಯಾರೂ ಕಲಿಸುವುದಿಲ್ಲ, ಹಾಲಿನ ಜೊತೆ ಬರುತ್ತದೆ, ಕುಡಿದು ಬಿದ್ದವನು ಕೂಡ ಬಿದ್ದಲ್ಲಿಂದಲೇ ಎಣಿಸುತ್ತಾನೆ. ಸುರುಳಿಯಲ್ಲಿರುವುದು ಎಂಟು. ಎಂಟು ಬಿಳಿ ಡೇರೆ ಹೂವು, ಇವತ್ತು ಬೆಳಿಗ್ಗೆ ಐದೂವರೆಗೆ, ಇಬ್ಬನಿ ಇರುವಾಗಲೇ, ಅಪ್ಪನ ಕತ್ತರಿಯಿಂದ ಕತ್ತರಿಸಿದ್ದು, ಅಪ್ಪ ಮೇ ತಿಂಗಳಲ್ಲಿ ಗೆಡ್ಡೆ ನೆಟ್ಟ, ಜೂನಿನಲ್ಲಿ ಸತ್ತ, ಹೂವಿಗೆ ಅದು ಗೊತ್ತಾಗಲಿಲ್ಲ, ಸೆಪ್ಟೆಂಬರಿನಲ್ಲಿ ಎಂದಿನ ಹಾಗೆ ತಟ್ಟೆಯಷ್ಟಗಲ ಅರಳಿ ನಿಂತವು. ಹುಟ್ಟುಹಬ್ಬವಾದರೆ ಕರೆಸಿಕೊಂಡವರು ಮಾತ್ರ ಹೋಗಬೇಕು, ಹೆಸರಿನ ದಿನಕ್ಕೆ ಕರೆಯುವ ಪದ್ಧತಿಯೇ ಇಲ್ಲ, ಕ್ಯಾಲೆಂಡರಿನಲ್ಲಿ ಪ್ರತಿ ದಿನದ ಕೆಳಗೂ ಯಾವ ಹೆಸರಿನವರ ದಿನ ಎಂದು ಅಚ್ಚಾಗಿರುತ್ತದೆ, ಅದನ್ನು ನೋಡಿ ಯಾರು ಬೇಕಾದರೂ ಬರಬಹುದು, ಬಂದವನನ್ನು ಕಳಿಸುವಂತಿಲ್ಲ, ಕೊಟ್ಟದ್ದನ್ನು ಬೇಡ ಎನ್ನುವಂತಿಲ್ಲ, ಎರಡೂ ಕೈಯಲ್ಲಿ ಇಸಿದುಕೊಳ್ಳಬೇಕು — ಇಸಿದುಕೋ ಮೋದ್ರಿಸ್, ನಿನ್ನ ಗಿರಾಕಿಗಳ ಮುಂದೆ, ನಮ್ಮ ಊರಿನ ಮೂವತ್ತು ಜೋಡಿ ಕಣ್ಣು ಒಟ್ಟಿಗೆ ಎಣಿಸುವಾಗ, ಆರು, ಏಳು, ಎಂಟು, ಆಮೇಲೆ ಮೌನ, ಆ ಮೌನಕ್ಕೋಸ್ಕರ ನಾನು ಎರಡು ತಿಂಗಳಿನಿಂದ ಬದುಕಿದ್ದೇನೆ.

ಇಲ್ಲಿ ನೋಡಿ, ಮೇಲೆ, ಛಾವಣಿಯ ಮೇಲೆ, ಎನ್ನುತ್ತಾನೆ ಕಳ್ಳ, ಎಲ್ಲರೂ ಕತ್ತೆತ್ತುತ್ತಾರೆ, ಕಪ್ಪು ಬೆಕ್ಕು, ಬೆನ್ನು ಬಿಲ್ಲಿನ ಹಾಗೆ, ಬಾಲ ನೆಟ್ಟಗೆ, ಈ ಮನೆಯ ಯಜಮಾನನನ್ನ ಎದುರುಗಡೆ ವರ್ತಕರ ಸಂಘದೋರು ಸೇರಿಸ್ಕೊಳ್ಳಲಿಲ್ಲವಂತೆ, ಅದಕ್ಕೆ ಬೆಕ್ಕು ಮಾಡಿಸಿ, ಅದರ ಹಿಂಭಾಗ ಸಂಘದ ಕಿಟಕಿಗೆ ನೇರ ಬರೋ ಹಾಗೆ ಕೂರಿಸಿದನಂತೆ, ಜನ ನಗುತ್ತಾರೆ, ನಾನು ನಗುವುದಿಲ್ಲ, ಆ ಯಜಮಾನನಿಗೆ ನಾನು ಟೋಪಿ ತೆಗೆಯುತ್ತೇನೆ, ನಿಜವಾಗಿ ತೆಗೆದೆ, ಎಂಥ ಮನುಷ್ಯ, ಬಯ್ಯಲಿಲ್ಲ, ಹೊಡೆಯಲಿಲ್ಲ, ದಿನಾ ಬೆಳಿಗ್ಗೆ ಅವರು ಪರದೆ ಸರಿಸಿದರೆ ಬೆಕ್ಕಿನ ಬುಡ, ಆಮೇಲೆ ರಾಜಿಯಾಗಿ ಬೆಕ್ಕನ್ನು ತಿರುಗಿಸಿದನಂತೆ, ಅಲ್ಲೇ ಅವನು ಕೆಟ್ಟದ್ದು, ತಿರುಗಿಸಬಾರದಿತ್ತು, ನಾನಾದರೆ ತಿರುಗಿಸುತ್ತಿರಲಿಲ್ಲ. ಮೋದ್ರಿಸ್ ನಿಲ್ಲಿಸುವುದಿಲ್ಲ, ಮಳೆ ಬರೋ ಮುಂಚೆ ಈ ಬೆಕ್ಕು ಒಂದು ಸಲ ಸೀನುತ್ತೆ, ಎದುರು ಮನೆ ಹೆಂಗಸರು ಅದನ್ನ ಕೇಳಿಯೇ ಬಟ್ಟೆ ಎತ್ತೋದು — ಅದು ನನ್ನದು! ಆ ಸೀನು ನನ್ನದು, ಎಂಟನೇ ಕ್ಲಾಸಿನಲ್ಲಿ ಶಾಲೆಯ ಪ್ರವಾಸಕ್ಕೆ ಬಂದಾಗ ಇದೇ ಬೀದಿಯಲ್ಲಿ ನಾನು ಅವನ ಕಿವಿಯಲ್ಲಿ ಹೇಳಿದ್ದು, ಅವನು ಅದನ್ನು ಜೇಬಿಗೆ ಹಾಕಿಕೊಂಡ, ಎಲ್ಲವನ್ನೂ ಹಾಕಿಕೊಂಡ, ಶನಿವಾರ ಶನಿವಾರ ಹಬೆಸ್ನಾನಕ್ಕೆ ನಮ್ಮ ಸೌನಾಕ್ಕೆ ಬಂದು ಮೇಲಿನ ಮೆಟ್ಟಿಲೇ ಬೇಕೆಂದು ಹಟ ಮಾಡುತ್ತಿದ್ದ ಒಕ್ಕಣ್ಣಿನ ಹಾವುಮೀನು, ಅಲೆಗಳು ಎದ್ದಲ್ಲೇ ಹೆಪ್ಪುಗಟ್ಟಿದ ಚಳಿಗಾಲ, ನಾವು ಅಲೆಗೆ ಮೆಟ್ಟಿಲು ಕಡಿದು ಹತ್ತಿ ಆಚೆ ಸ್ವೀಡನ್ನಿನವರಿಗೆ ಕೈಬೀಸಿದ್ದು, ಅವರು ಕಾಫಿ ಎತ್ತಿ ತೋರಿಸಿದ್ದು, ಇಪ್ಪತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ ಹೊಗೆಮನೆಯ ರೇಡಿಯೊ ಹಾಕಿದರೆ ಅವನ ದನಿಯಲ್ಲಿ ನನ್ನ ಹಾವುಮೀನು ಸೌನಾಕ್ಕೆ ಹತ್ತುತ್ತಿದೆ, ನಗು, ಚಪ್ಪಾಳೆ, ರೀಗಾದ ಖ್ಯಾತ ಗೈಡ್, ಅವತ್ತು ಮೂರು ತಟ್ಟೆ ಮೀನು ಸುಟ್ಟು ಕರಕಲಾಯಿತು. ಅವತ್ತಿನಿಂದ ಮಾತಿಲ್ಲ. ಸುಮ್ಮನೆ ಇರಲಿಲ್ಲ ನಾನು, ಒಂದು ಆಗಸ್ಟಿನಲ್ಲಿ ಎರಡು ಕಿಲೋ ಮೀನನ್ನು ಹೆಸರು ಬರೆಯದೆ ಅಂಚೆಗೆ ಹಾಕಿದೆ, ತೀರ ನಿಧಾನದ ಅಂಚೆಗೆ, ವೆಲ್ತಾ ಚಿಕ್ಕಮ್ಮನೇ ಮುದ್ರೆ ಒತ್ತಿದ್ದು, ಒತ್ತುವಾಗ ಮೂಗು ಹಿಡಿದುಕೊಂಡಿದ್ದಳು, ಅದು ಹೋಗಿ ಮುಟ್ಟಿದಾಗ ಅವನ ಕಟ್ಟಡದವರೆಲ್ಲ ಬೀದಿಗೆ ಓಡಿ ಬಂದರಂತೆ, ಅವನೇನು ಮಾಡಿದ? ಅದನ್ನೂ ಕಥೆ ಮಾಡಿ ರೇಡಿಯೊದಲ್ಲಿ ಹೇಳಿದ. ಇವನಿಗೆ ಏನು ಮಾಡಿದರೂ ಇವನು ಅದನ್ನು ತಿಂದು ದಪ್ಪಗಾಗುತ್ತಾನೆ. ಅದಕ್ಕೇ ಈ ಸಲ ಕಥೆ ಮಾಡಲಾಗದಂಥದ್ದು. ಎಂಟು.

ಆದರೆ ಬೆಕ್ಕಿನ ಸೀನಿಗೆ ನಾನು ಎರಡೂವರೆ ಗಂಟೆ ಬಸ್ಸಿನಲ್ಲಿ ಕೂರುವವನಲ್ಲ, ಹಾವುಮೀನಿಗೂ ಅಲ್ಲ, ಅಪ್ಪನಿಗೆ ಬಂದೆ, ಜೂನಿನಲ್ಲಿ, ಅಪ್ಪನ ಪೆಟ್ಟಿಗೆ ಇನ್ನೂ ಮುಚ್ಚಿರಲಿಲ್ಲ, ರೀಗಾದಿಂದ ಬಂದ ನೆಂಟರ ಹುಡುಗಿ ಮದಾರಾ ನನ್ನ ಪಕ್ಕದವಳಿಗೆ ಪಿಸುಗುಟ್ಟಿದಳು, ಇವರೇನಾ ಎಂಟು ಹೂವಿನ ಆರ್ವೀದ್ಸ್? ಹಳೇ ಪೇಟೇಲಿ ಗೈಡ್ ಒಬ್ಬ ದಿನಾ ಹೇಳ್ತಾನಲ್ಲ, ಅದೇ ಅಜ್ಜನಾ? ಪಾಪ ಬಾಯಿ ಮುಚ್ಚಿಕೊಂಡು ನಕ್ಕಳು, ಸಾವಿನ ಮನೆಯ ನಗು, ಹೆಗಲು ಮಾತ್ರ ಅಲುಗುವ ನಗು, ನನ್ನ ಅಪ್ಪ, ಎಂಬತ್ತಾರು ವರ್ಷ ಯಾರಿಗೂ ಗಟ್ಟಿಯಾಗಿ ಮಾತಾಡದವನು, ಈ ರೀಗಾದ ಬೀದಿಯಲ್ಲಿ ದಿನಕ್ಕೆ ಎರಡು ಸಲ, ಭಾನುವಾರ ಮೂರು ಸಲ, ಜರ್ಮನಿಯವರಿಗೆ ಫಿನ್ಲೆಂಡಿನವರಿಗೆ ನಗೆಪಾಟಲು. ಆ ಕಥೆ ಕಟ್ಟಿದವನು ನಾನೇ, ಅದು ಬೇರೆ ವಿಷಯ, ಮನೆಯೊಳಗೆ ಹೇಳುವುದು ಬೇರೆ, ಬೀದಿಗೆ ಹಾಕುವುದು ಬೇರೆ, ಆಗ ಸೋವಿಯತ್ ಕಾಲ, ಅಮ್ಮ ರೀಗಾದ ಆಸ್ಪತ್ರೆಯಲ್ಲಿ, ಸೆಪ್ಟೆಂಬರಿನಲ್ಲಿ ಅಮ್ಮನ ಹೆಸರಿನ ದಿನ, ಇಲ್ಗಾ, ಅಪ್ಪ ತನ್ನ ಒಂದೇ ಒಂದು ಸೂಟು ಹಾಕಿಕೊಂಡು, ತೋಟದ ಒಂಬತ್ತು ಬಿಳಿ ಡೇರೆ ಎದೆಗವಚಿಕೊಂಡು ಬಸ್ಸು ಹತ್ತಿದ, ಹಳೇ ಪೇಟೆಯಲ್ಲಿ ದಾರಿ ತಪ್ಪಿದ, ಅಂಗಡಿಯ ಮುಂದೆ ನಿಂತ ಬೊಂಬೆಯನ್ನು ಅಮ್ಮಾ ಆಸ್ಪತ್ರೆ ಯಾವ ಕಡೆ ಎಂದು ಕೇಳಿದ, ಉತ್ತರ ಬರಲಿಲ್ಲವೆಂದು ಟೋಪಿ ತೆಗೆದು ಮತ್ತೆ ಕೇಳಿದ, ಒಂಬತ್ತನೇ ಹೂವನ್ನು ಪೊಲೀಸಿನ ಕುದುರೆ ತಿಂದಿತು, ಒಂದೊಂದು ಸಲ ಹೇಳುವಾಗ ಕುದುರೆಯ ಬದಲು ಮದುವಣಗಿತ್ತಿ ಕಿತ್ತುಕೊಂಡು ಓಡಿದಳು, ಒಂದೊಂದು ಸಲ ಟ್ರಾಮ್ ಬಾಗಿಲಿಗೆ ಸಿಕ್ಕಿ ಊರಾಚೆ ಹೋಯಿತು — ಟ್ರಾಮ್, ನೀಲಿ ಸ್ವೆಟರ್ — ಇಲ್ಲ, ಕುದುರೆಯೇ ಒಳ್ಳೆಯದು, ಜನ ಕುದುರೆಗೆ ಹೆಚ್ಚು ನಗುತ್ತಾರೆ, ಕೊನೆಗೆ ಅಪ್ಪ ಬೆವರುತ್ತ ವಾರ್ಡಿಗೆ ನುಗ್ಗಿ ಹೂವು ಚಾಚಿದ, ಅಮ್ಮ ಎಣಿಸಿದಳು, ಎಂಟು, ಏನ್ ಆರ್ವೀದ್ಸ್, ಗುರುವಾರದ ತನಕ ತಡೀಲಿಕ್ಕಾಗಲಿಲ್ವಾ ನಿಂಗೆ? ಇಲ್ಲಿ ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ಅಮ್ಮ ಸತ್ತದ್ದು ಗುರುವಾರವೇ, ಅದನ್ನು ಹೇಳುವುದಿಲ್ಲ, ನಗು ಇಳಿಯುತ್ತದೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರತಿ ಹೆಸರಿನ ದಿನಕ್ಕೆ, ಪ್ರತಿ ಮೇಜಿನಲ್ಲಿ, ಏ ವಿಲ್ನಿಸ್ ಆ ಎಂಟು ಹೂವಿನದ್ದು ಹೇಳೋ, ನಾನು ಹೇಳಿದೆ, ಮೋದ್ರಿಸ್ ಆಗ ನನ್ನ ಎದುರಿಗೇ ಕೂತು ಹೊಟ್ಟೆ ಹಿಡಿದುಕೊಳ್ಳುತ್ತಿದ್ದ, ಮೇಜಿನ ತುದಿಯಲ್ಲಿ ಅಪ್ಪ, ಅಪ್ಪನೂ ನಗುತ್ತಿದ್ದ, ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ, ಎಲ್ಲರೂ ನಿಲ್ಲಿಸಿದ ಮೇಲೆ ಅವನೊಬ್ಬನದು ಚೂರು ಉಳಿಯುತ್ತಿತ್ತು, ಆಮೇಲೆ ತಟ್ಟೆ ನೋಡುತ್ತಿದ್ದ. ಅವನ ಹೆಬ್ಬೆರಳು ತೋರುಬೆರಳು ಏನೋ ಸಣ್ಣದನ್ನು ಹಿಡಿದ ಹಾಗೆ.

ಹಸಿವಾಗಲ್ವೇನೋ, ವೆಲ್ತಾ ಚಿಕ್ಕಮ್ಮ ಚೀಲದಿಂದ ಪೀರಾಗಿ ತೆಗೆಯುತ್ತಾಳೆ, ಹಂದಿಮಾಂಸ ಈರುಳ್ಳಿ ತುಂಬಿದ ಪುಟ್ಟ ಬನ್ನು, ಇನ್ನೂ ಬೆಚ್ಚಗಿದೆ, ನಿಂತೇ ತಿನ್ನುತ್ತೇವೆ, ಎದುರಿಗೆ ಕಂಚಿನ ಕತ್ತೆಯ ಪ್ರತಿಮೆ, ಅದೃಷ್ಟ ಬರಲೆಂದು ಅದರ ಮೂಗನ್ನು ಎಲ್ಲ ದೇಶದವರೂ ಉಜ್ಜಿ ಉಜ್ಜಿ ಹೊಳಪು ಮಾಡಿದ್ದಾರೆ, ನಮ್ಮೂರಿನವರೂ ಸರದಿಯಲ್ಲಿ ನಿಂತು ಉಜ್ಜುತ್ತಾರೆ, ಎರಡು ಕೈಯೂ ಬೇಕಲ್ಲ, ಒಂದರಲ್ಲಿ ಬನ್ನು, ಒಂದರಲ್ಲಿ ಟೋಪಿ, ನಾನು ಸುರುಳಿಯನ್ನು ಕಲ್ಲುಬೆಂಚಿನ ಮೇಲೆ ಇಡುತ್ತೇನೆ, ಅರ್ಧ ಗಳಿಗೆ, ಅಷ್ಟರಲ್ಲಿ ಆಕೆಯ ಬೆರಳು ಪೇಪರಿನ ಅಂಚನ್ನು ಎತ್ತಿಯಾಯಿತು, ಅಂಚೆ ಕಚೇರಿಯ ಬೆರಳು. ಎಂಟಿದೆ ಕಣೋ. ಚಿಕ್ಕಮ್ಮ ಸ್ವಲ್ಪ ಮೆಲ್ಲಗೆ. ಎಂಟಿದೆ. ಒಂದು ದಾರೀಲಿ ಬಿದ್ದಿರಬೇಕು. ಆಕೆ ಬನ್ನು ಜಗಿಯುವುದನ್ನು ನಿಲ್ಲಿಸುವುದಿಲ್ಲ, ನನ್ನ ಮುಖ ನೋಡುತ್ತ ಜಗಿಯುತ್ತಾಳೆ, ನಿಮ್ಮ ಮನೇಲಿ ಯಾವಾಗ್ಲೂ ಒಂದು ದಾರೀಲೇ ಬೀಳುತ್ತಲ್ಲಪ್ಪ. ಅವನು ನಮ್ಮಪ್ಪನ್ನ ಬೀದೀಲಿ ಮಾರ್ತಿದಾನೆ ಚಿಕ್ಕಮ್ಮ. ಮಾರೋದಕ್ಕೆ ಕಟ್ಟಿಕೊಟ್ಟೋರು ಯಾರೋ? ನೀನು ಯಾರ ಕಡೆ? ನಾನು ನಿಮ್ಮಮ್ಮನ ಕಡೆ, ಎನ್ನುತ್ತಾಳೆ, ಎದೆಯ ಮೇಲಿನ ಪುಡಿ ಕೊಡವಿಕೊಳ್ಳುತ್ತಾಳೆ, ಆ ಗುರುವಾರ ಅಂತ ಇಲ್ಗಾ ಅಂದಿದ್ಲು ಅಂತೀಯಲ್ಲ, ಅವಳ ಬಾಯಲ್ಲಿ ಅಂಥ ಮಾತು ಬರ್ತಿತ್ತೇನೋ, ನಿಜ ಹೇಳು. ನಾನು ಪೇಪರು ಸುತ್ತುತ್ತೇನೆ. ಹೆಂಗಸರಿಗೆ ಸೇಡು ಅರ್ಥವಾಗುವುದಿಲ್ಲ. ಅಮ್ಮ ಅಂದದ್ದು ಬೇರೆ, ಅಮ್ಮ ಎಂಟನ್ನೂ ನೋಡಿದಳು, ತುಟಿ ಅಲ್ಲಾಡದೆ ಎಣಿಸಿದಳು, ಚೆನ್ನಾಗಿವೆ ಅಂದಳು, ಕಿಟಕಿಯ ಕಡೆ ತಿರುಗಿಕೊಂಡಳು, ಹುಂಜ ಇನ್ನೂ ಇದೆಯಾ ಅಂದಳು, ಗೋಪುರದ ಮೇಲೆ, ನಮ್ಮ ಸಮುದ್ರದ ಕಡೆ ನೋಡ್ತಿತ್ತಾ, ನೋಡ್ತಿತ್ತು ಎಂದ ಅಪ್ಪ, ಅದಕ್ಕೇ ಅವನು ಹಳೇ ಪೇಟೆಗೆ ಹೊಕ್ಕದ್ದು, ದಾರಿ ತಪ್ಪಿದ್ದಲ್ಲ, ಅಮ್ಮ ಕೇಳುತ್ತಾಳೆಂದು ಗೋಪುರದ ಕೆಳಗೆ ಕತ್ತು ನೋಯುವ ತನಕ ನಿಂತ, ಇದನ್ನೂ ಕಥೆಯಲ್ಲಿ ಹೇಳುವುದಿಲ್ಲ, ಇದಕ್ಕೆ ಯಾರೂ ನಗುವುದಿಲ್ಲ.

ಮತ್ತೆ ಆ ಜುಲೈ, ಅದೊಂದೇ ಸಾಕು ಇವನನ್ನು ಕೊಲ್ಲಲು, ನಮ್ಮ ಊರಿನ ಸ್ಮಶಾನದ ಹಬ್ಬ, ವರ್ಷಕ್ಕೊಂದು ಸಲ ಎಲ್ಲಿದ್ದವರೂ ಬಂದು ತಮ್ಮವರ ಗೋರಿಯ ಕಳೆ ಕಿತ್ತು, ಮರಳನ್ನು ಕುಂಟೆಯಿಂದ ಗೆರೆ ಎಳೆದು, ಕೂತು ಮಾತಾಡುವ ದಿನ, ಮೋದ್ರಿಸ್‌ನ ತಾಯಿಯೂ ಅಲ್ಲೇ ಇದ್ದಾಳೆ, ಪ್ರತಿ ವರ್ಷ ಬರುತ್ತಾನೆ, ಬಂದವನು ತಾಯಿಯ ಹತ್ತಿರ ಹತ್ತು ನಿಮಿಷ, ಆಮೇಲೆ ನನ್ನ ಅಮ್ಮನ ಗೋರಿಯ ಪಕ್ಕದ ಬೆಂಚಿನಲ್ಲಿ ಅಪ್ಪನ ಜೊತೆ ಒಂದು ಗಂಟೆ, ಎರಡು ಗಂಟೆ, ನಾನು ಬೇಲಿಯ ಈಚೆಯಿಂದ ನೋಡುತ್ತಿದ್ದೆ, ಅಪ್ಪ ನೆಲ ನೋಡಿಕೊಂಡು ಏನೋ ಹೇಳುತ್ತಾನೆ, ಅವನು ತಲೆಯಾಡಿಸುತ್ತಾನೆ, ಮುದುಕನ ಹತ್ತಿರವೂ ಕಥೆ ಹಿಂಡುತ್ತಿದ್ದಾನೆ, ಬರಿದು ಮಾಡುತ್ತಿದ್ದಾನೆ ಎಂದು ಹಲ್ಲು ಕಡಿದೆ, ಏನಪ್ಪಾ ಕೇಳ್ದ ಅವನು ಅಂದರೆ ಅಪ್ಪ, ಏನಿಲ್ಲ, ಡೇರೆ ಗೆಡ್ಡೆ ಚಳೀಲಿ ಹ್ಯಾಗೆ ಇಡ್ತೀರಿ ಅಂದ. ಈ ಜುಲೈಯಲ್ಲಿ ಬೆಂಚು ಖಾಲಿ, ಅಪ್ಪ ಅಮ್ಮನ ಪಕ್ಕ ಒಳಗೆ, ಮೋದ್ರಿಸ್ ಒಬ್ಬನೇ ಬಂದು ನಿಂತು ಹೋದ, ಅವನು ಹೋದ ಮೇಲೆ ಹೋಗಿ ನೋಡುತ್ತೇನೆ, ಅಪ್ಪನ ಮರಳಿನ ಮೇಲೆ ಬಿಳಿ ಹೂವಿನ ಕಟ್ಟು, ಎಣಿಸಿದೆ, ಒಂಬತ್ತು. ಮತ್ತೆ ಎಣಿಸಿದೆ. ಒಂಬತ್ತು! ಸತ್ತವನಿಗೆ ಬೆಸ! ಕುಡುಕನೂ ಮಾಡದ ತಪ್ಪು, ನಮ್ಮ ಕರಾವಳಿಯಲ್ಲಿ ಹುಟ್ಟಿದವನು ಕೈ ತಪ್ಪಿಯೂ ಮಾಡಲಾರದ ತಪ್ಪು, ಹಾಗಾದರೆ ತಪ್ಪಲ್ಲ, ಗೇಲಿ, ಬದುಕಿದ್ದಾಗ ಬೀದಿಯಲ್ಲಿ ನಗಿಸಿದ್ದು ಸಾಲದೆ ಗೋರಿಯ ಮೇಲೆ ಬಂದು ಕೊನೆಯ ಚಟಾಕಿ ಹಾರಿಸಿ ಹೋಗಿದ್ದಾನೆ, ಒಂದನ್ನು ಕಿತ್ತು ಬೇಲಿಯಾಚೆ ಎಸೆದೆ, ಎಂಟು ಮಾಡಿದೆ, ಅಲ್ಲೇ ನಿಂತು ತೀರ್ಮಾನ ಮಾಡಿದೆ, ನನ್ನ ಸತ್ತವನಿಗೆ ನೀನು ಬೆಸ ಕೊಟ್ಟೆಯಾ, ಬದುಕಿರುವ ನಿನಗೆ ನಾನು ಸಮ ಕೊಡುತ್ತೇನೆ.

ಕೊನೆಯ ಜಾಗ ಬಂತು, ಗೋಪುರದ ಬುಡ, ಹುಂಜ ಈಗ ತಲೆಯ ಮೇಲೇ ಇದೆ, ಇಲ್ಲಿಂದ ಅದರ ಹೊಟ್ಟೆ ಮಾತ್ರ ಕಾಣುತ್ತದೆ, ನಾನು ಮುಂದಿನ ಸಾಲಿಗೆ ಮೊಣಕೈಯಿಂದ ದಾರಿ ಮಾಡಿಕೊಂಡೆ, ಪೇಪರು ಬಿಚ್ಚಿ ಜೇಬಿಗೆ ತುರುಕಿದೆ, ಹೂವನ್ನು ಎದೆಗವಚಿಕೊಂಡೆ, ತಣ್ಣಗಿವೆ, ಗಲ್ಲಕ್ಕೆ ತಾಗುತ್ತವೆ, ನಿನ್ನ ಬಾಯಿಯಿಂದಲೇ ಆ ಕಥೆ ಬರಲಿ ಮೋದ್ರಿಸ್, ಎಲ್ಲರೂ ನಗಲಿ, ನಗು ಮುಗಿಯುವ ಮುಂಚೆ ಕೊಡುತ್ತೇನೆ. ಇಲ್ಲೇ ನಿಂತಿದ್ದ, ಎನ್ನುತ್ತಾನೆ, ನಮ್ಮ ಕರಾವಳಿಯ ಒಬ್ಬ ಮೀನುಗಾರ, ಕೈಯಲ್ಲಿ ಒಂಬತ್ತು ಬಿಳಿ ಡೇರೆ, ಬಂತು, ಬೊಂಬೆ ಬಂತು, ಟೋಪಿ ಬಂತು, ಜನ ನಕ್ಕರು, ಕುದುರೆ ಬರಬೇಕು ಈಗ, ಬರಲಿಲ್ಲ, ಕುದುರೆಯನ್ನು ನುಂಗಿದ, ಆಸ್ಪತ್ರೆ, ವಾರ್ಡು, ಹೆಂಡತಿ ಎಣಿಸಿದಳು, ಎಂಟು, ಗುರುವಾರ ಹೇಳು, ಹೇಳು, ಅವನು ಛತ್ರಿಯನ್ನು ಕೆಳಗಿಳಿಸಿದ, ಚೆನ್ನಾಗಿವೆ ಅಂದಳು, ಎಂದ, ಕಿಟಕಿ ಕಡೆ ತಿರುಗ್ಕೊಂಡಳು. ಯಾರೂ ನಗಲಿಲ್ಲ. ಇದು ನಾನು ಕಟ್ಟಿದ್ದಲ್ಲ. ಇದು ಎಲ್ಲಿಂದ ಬಂತು ಇವನಿಗೆ, ಆ ವಾರ್ಡಿನಲ್ಲಿ ಇದ್ದದ್ದು ಮೂರೇ ಜನ. ಮುಂಚೆ ನಗಿಸೋ ಹಾಗೇ ಹೇಳ್ತಿದ್ದೆ, ಎನ್ನುತ್ತಾನೆ, ಈ ಜೂನಿನಿಂದ ಹೀಗೆ ಹೇಳ್ತೀನಿ. ನಮ್ಮೂರಿನ ಬೇಕರಿಯವಳು ಕೈಯೆತ್ತಿ ಕೇಳುತ್ತಾಳೆ, ಅಲ್ರೀ ಒಂಬತ್ತನೇದು ಏನಾಯ್ತು? ಮೋದ್ರಿಸ್ ಅವಳನ್ನು ನೋಡಲಿಲ್ಲ. ಇಡೀ ದಿನದಲ್ಲಿ ಮೊದಲ ಸಲ ನನ್ನನ್ನು ನೋಡಿದ. ಅದನ್ನ ಆ ಮುದುಕ ನಂಗೆ ಬೆಂಚಿನ ಮೇಲೆ ಕೂತು ಹೇಳಿದ್ದ, ಅಂದ. ಯಾರಿಗೂ ಹೇಳಬೇಡ ಅಂತಾನೂ ಹೇಳಿದ್ದ.

ಟ್ರಾಮ್. ಕುದುರೆ ಇರಲಿಲ್ಲ, ಮದುವಣಗಿತ್ತಿ ಇರಲಿಲ್ಲ, ಅಪ್ಪ ಒಬ್ಬನೇ ಬಂದಿರಲಿಲ್ಲ, ನಾನಿದ್ದೆ, ಸೈನ್ಯಕ್ಕೆ ಹೋಗುವ ಮುಂಚೆ, ಹದಿನೆಂಟು ವರ್ಷ, ಅಪ್ಪ ಟ್ರಾಮಿನಲ್ಲಿ ತೂಕಡಿಸಿದ, ಇದನ್ನ ಸ್ವಲ್ಪ ಹಿಡ್ಕೋ ಮಗ, ಎದುರಿನ ಸೀಟಿನಲ್ಲಿ ನೀಲಿ ಸ್ವೆಟರಿನ ಹುಡುಗಿ ನಕ್ಕಳು, ಒಂದು ಕೊಟ್ಟೆ, ಅಷ್ಟೇ, ಮುಂದಿನ ನಿಲ್ದಾಣದಲ್ಲಿ ಇಳಿದು ಹೋದಳು, ಹೆಸರೂ ಕೇಳಲಿಲ್ಲ, ಎಣಿಸಲಿಲ್ಲ ನಾನು, ಜೀವಮಾನದಲ್ಲಿ ಅದೊಂದೇ ಸಲ ಎಣಿಸಲಿಲ್ಲ, ಆಸ್ಪತ್ರೆಯಿಂದ ಹೊರಗೆ ಬಂದು ಮೆಟ್ಟಿಲ ಮೇಲೆ ಅಪ್ಪ ನಿಂತ, ನಾನೇ ತಪ್ಪು ಎಣಿಸಿ ಕಿತ್ತೆ ಕಾಣುತ್ತೆ ಅಂದ, ನಾನು ಹ್ಞೂಂ ಅಂದೆ, ಹ್ಞೂಂ ಅಂದೆ, ಅವನು ಕೈ ಚಾಚಿ ನನ್ನ ಕಾಲರಿನ ಮೇಲಿಂದ ಏನನ್ನೋ ತೆಗೆದ, ಹೆಬ್ಬೆರಳು ತೋರುಬೆರಳಿನಲ್ಲಿ ಹಿಡಿದು ನೋಡಿದ, ಒಂದು ಬಿಳಿ ಎಸಳು, ಜೇಬಿಗೆ ಹಾಕಿಕೊಂಡ. ಗೋರಿಯ ಮೇಲೆ ಒಂಬತ್ತು. ಮೋದ್ರಿಸ್ ತಪ್ಪು ಎಣಿಸಿರಲಿಲ್ಲ, ಕಳೆದದ್ದನ್ನು ತಂದಿಟ್ಟಿದ್ದ, ಅದನ್ನು ನಾನು ಎರಡನೇ ಸಲ ಕಿತ್ತು ಬೇಲಿಯಾಚೆ — ಥೂ ಇವನ, ಕಥೆ ಕದ್ದ, ಅಪ್ಪನನ್ನು ಕದ್ದ, ಈಗ ನನ್ನ ಸೇಡನ್ನೂ ಕದ್ದ, ಕೊನೆಗೆ ಇದನ್ನೂ ಬಿಡಲಿಲ್ಲ, ನನ್ನ ಕೈ ತನ್ನಷ್ಟಕ್ಕೆ ಮುಂದೆ ಹೋಗಿದೆ, ಎರಡು ತಿಂಗಳಿನಿಂದ ಹೇಳಿ ಕಲಿಸಿದ ಕೈ, ಮಾತು ಕೇಳುವುದಿಲ್ಲ, ಎಂಟು ಡೇರೆ ಅವನ ಎದೆಯ ಮುಂದೆ, ಮೂವತ್ತು ಜೋಡಿ ಕಣ್ಣು ಎಣಿಸುತ್ತಿವೆ, ಆರು, ಏಳು, ಬೇಕರಿಯವಳು ಅಯ್ಯೋ ಎಂದಳು, ನಾನು ಕಾದಿದ್ದ ಮೌನ ಬಂತು, ಅದು ಇಷ್ಟು ಉದ್ದ ಇರುತ್ತದೆಂದು ಗೊತ್ತಿರಲಿಲ್ಲ, ಅವನು ಎರಡೂ ಕೈಯಲ್ಲಿ ಇಸಿದುಕೊಂಡ, ಅವನ ಕಣ್ಣೂ ಎಣಿಸಿತು, ಮುಖ ಸುಣ್ಣವಾಗಲಿಲ್ಲ. ಒಂದನ್ನು ಎಳೆದು ತೆಗೆದ, ನನ್ನ ಕೈಗೆ ವಾಪಸು ಕೊಟ್ಟ, ಇದು ನಿನ್ನ ಹತ್ರ ಇರ್ಲಿ ಕಣೋ ವಿಲ್ನಿಸ್, ನಂಗೆ ಏಳು ಸಾಕು. ಏಳು, ಎಂದು ಯಾರೋ ಉಸಿರು ಬಿಟ್ಟರು, ಜನ ಚಪ್ಪಾಳೆ ತಟ್ಟಿದರು, ಹೆಸರಿನ ದಿನದ ಶುಭಾಶಯ ಮೋದ್ರಿಸ್, ವೆಲ್ತಾ ಚಿಕ್ಕಮ್ಮ ಪೀರಾಗಿ ಹಂಚಲು ಶುರು ಮಾಡಿದಳು, ನನ್ನ ಬಾಯಿ ತೆರೆಯಿತು, ಮೋದ್ರಿಸ್, ಆಣೆ ಮಾಡಿ ಹೇಳ್ತೀನಿ, ಒಂದಕ್ಷರ ಸುಳ್ಳಿಲ್ಲ, ಅವತ್ತು ಟ್ರಾಮಿನಲ್ಲಿ ನಮ್ಮಪ್ಪ ನಿದ್ದೆ ಮಾಡ್ತಿದ್ದಾಗ ನಾನು ಆ ಒಂಬತ್ತನೇ — ಕೆಂಪು ಛತ್ರಿ ಮೇಲೆದ್ದಿತು, ಬನ್ನಿ ಬನ್ನಿ ನಿಮ್ಮ ಬಸ್ಸು ಕಾಯ್ತಿದೆ, ಅವನ ಬೆನ್ನು, ಅದರ ಹಿಂದೆ ಎಲ್ಲರ ಬೆನ್ನು, ವಿಲ್ನಿಸ್ ಬಾರೋ, ಚಿಕ್ಕಮ್ಮನ ದನಿ ತಿರುವಿನಲ್ಲಿ, ನನ್ನ ಕೋಟಿನ ಕಾಲರಿನ ಮೇಲೆ ಏನೋ ಬಿಳಿ, ಹೂವನ್ನು ಅವಚಿಕೊಂಡಾಗ ಅಂಟಿದ್ದಿರಬೇಕು, ಒಂದು ಎಸಳು, ತೆಗೆಯಬೇಕು, ನನ್ನ ಕೈಯಲ್ಲಿ ಹೂವಿದೆ, ಇನ್ನೊಂದು ಕೈಯಲ್ಲಿ ಟೋಪಿ, ಅಪ್ಪನ ಹೆಬ್ಬೆರಳು, ತೋರುಬೆರಳು, ಒಂದು ಬಿಳಿ ಎಸಳು, ಕಾಲರಿನ ಮೇಲೆ, ಒಂದು ಬಿಳಿ —